ಬಳೆ ಹೆಚ್ಚಿದ ಮನೆ

ಯಶೋಧರಾ ಪುಸ್ತಕವನ್ನು ಮುಚ್ಚಲಿಲ್ಲ, ಎಸೆದಳು. ಅದು ದಿವಾನದ ಮೇಲೆ ಬಿದ್ದು, ಪುಟಿದು, ಪೇಪರು ಓದುತ್ತ ಕುಳಿತಿದ್ದ ಗಂಡ ನೀಲಪ್ಪನ ಕಾಲ ಬುಡಕ್ಕೆ ಬಂದು ನಿಂತಿತು. ಮುಖಪುಟದ ಮೇಲೆ ಒಂದು ಹೆಣ್ಣಿನ ಕೈ, ಮೊಣಕೈಯವರೆಗೂ ರಕ್ತ, ಮಣಿಕಟ್ಟಿನಲ್ಲಿ ಒಂದೂ ಬಳೆಯಿಲ್ಲ. ನೀಲಪ್ಪ ಅದನ್ನು ಎತ್ತಿ, ಧೂಳು ಒರೆಸಿ ಟೀಪಾಯಿಯ ಮೇಲಿಟ್ಟ. ಮದುವೆಯಾದಾಗಿನಿಂದ ಹೀಗೆ ಹಾರಿಬಂದ ಪುಸ್ತಕಗಳನ್ನು ಅವನು ಸಾಕಷ್ಟು ಎತ್ತಿಟ್ಟಿದ್ದಾನೆ.

"ಯಾರು ಸತ್ರು?" ಎಂದು ಕೇಳಿದ.

"ಓದೋರು," ಎಂದಳು ಯಶೋಧರಾ.

ವಿದ್ಯಾನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಯಶೋಧರಾಗೆ ದೆವ್ವದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ, ದೆವ್ವದ ಕತೆ ಎಂದರೆ ಮಾತ್ರ ಪ್ರಾಣ. ಕಮರಿಪೇಟೆಯ ಬೇವಿನ ಗಿಡದ ಓಣಿಯಲ್ಲಿ ಹುಟ್ಟಿ ಬೆಳೆದವಳು. ಅಲ್ಲಿನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಕೊಲೆ, ಪತ್ತೇದಾರಿ, ಪ್ರೇತ, ಮಾಟ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತಂದು, ಪಾಠದ ಪುಸ್ತಕದೊಳಗೆ ಇಟ್ಟುಕೊಂಡು ಓದಿದವಳು. ಅವ್ವ ಸತ್ಯವ್ವ ಬೈದು ಬೈದು ಸೋತು, ಕೊನೆಗೆ ತಾನೇ ರೊಟ್ಟಿ ಬಡಿಯುತ್ತ "ಮುಂದ ಏನಾತ ಓದ" ಎಂದು ಕೇಳತೊಡಗಿದ್ದಳು. ಹಾಗಾಗಿ ಈ ಬಗೆಯ ಪುಸ್ತಕಗಳನ್ನು ಕೀಳೆಂದು ಮೂಗು ಮುರಿಯುವ ಪೈಕಿ ಅಲ್ಲ ಅವಳು. ಪ್ರೀತಿ ಇದ್ದದ್ದಕ್ಕೇ ಸಿಟ್ಟೂ ಜಾಸ್ತಿ.

ಈಚಿನ ಥ್ರಿಲ್ಲರುಗಳ ಮೇಲೆ ಅವಳಿಗಿದ್ದ ಸಿಟ್ಟು ಒಂದೆರಡಲ್ಲ. ಪತ್ತೇದಾರ ಹುಬ್ಬಳ್ಳಿಯವನೇ ಆಗಿರಲಿ, ಸಕ್ಕರೆಯಿಲ್ಲದ ಕರಿ ಕಾಫಿ ಕುಡಿಯುತ್ತ ಕಿಟಕಿಯಾಚೆ ನೋಡುತ್ತಾನೆ; ಚಹಾ ಬಿಟ್ಟು ಬೇರೆ ಏನನ್ನಾದರೂ ಕುಡಿದು ಯೋಚನೆ ಮಾಡಿದವನನ್ನು ಅವಳು ಈ ಊರಲ್ಲಿ ಇನ್ನೂ ಕಂಡಿಲ್ಲ. ಅವನ ಹೆಂಡತಿ ಅವನನ್ನು ಬಿಟ್ಟು ಹೋಗಿರುತ್ತಾಳೆ, ಯಾಕೆ ಹೋದಳೆಂದು ಯಾರೂ ಆಕೆಯನ್ನು ಕೇಳುವುದಿಲ್ಲ. ಅಧ್ಯಾಯ ಮುಗಿಯುವಾಗ ಬಾಗಿಲು ಕಿರ್ರೆನ್ನುತ್ತದೆ, ಮುಂದಿನ ಅಧ್ಯಾಯದಲ್ಲಿ ನೋಡಿದರೆ ಬೆಕ್ಕು. ಕೊಲೆಗಾರ ಯಾರೆಂದು ಬರೆದವನಿಗೇ ತೋಚದಿದ್ದರೆ ಕತೆಯಲ್ಲಿ ಯಾರಿಗಾದರೂ ಒಬ್ಬ ಅವಳಿ ತಮ್ಮ ಹುಟ್ಟುತ್ತಾನೆ, ಇಲ್ಲವೇ ಯಾವುದೋ ಮನೋರೋಗದ ಹೆಸರು ಹೇಳಿ ಎರಡು ಪುಟದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ನಾಯಕ ಕೇಶ್ವಾಪುರದಲ್ಲೇ ಹುಟ್ಟಿದ್ದರೂ ಅಚ್ಚಿನ ಕನ್ನಡ ಮಾತಾಡುತ್ತಾನೆ. ಈ ಕಡೆಯ ಮಾತು ಬರುವುದು ಕಾವಲುಗಾರನ ಬಾಯಲ್ಲಿ, ಕಳ್ಳನ ಬಾಯಲ್ಲಿ ಮತ್ತು ದೆವ್ವದ ಬಾಯಲ್ಲಿ ಮಾತ್ರ.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ರಕ್ತ ಕುದಿಸುತ್ತಿದ್ದದ್ದು ದೆವ್ವಗಳೆಲ್ಲ ಹೆಂಗಸರೇ ಆಗಿರುವುದು. ಹೊಡೆಸಿಕೊಂಡವಳು, ಸುಡಿಸಿಕೊಂಡವಳು, ಬಾವಿಗೆ ಬಿದ್ದವಳು, ಇವರೇ ಕೂದಲು ಬಿಟ್ಟುಕೊಂಡು ಬರಬೇಕು, ನಾವು ಅವರಿಗೇ ಹೆದರಬೇಕು. ಹೊಡೆದವನು, ಸುಟ್ಟವನು, ಬಾವಿಗೆ ನೂಕಿದವನು ಸತ್ತರೆ ಸೀದಾ ಸ್ವರ್ಗಕ್ಕೆ ಹೋಗುತ್ತಾನೋ ಏನೋ, ಒಬ್ಬನೂ ತಿರುಗಿ ಬಂದದ್ದಿಲ್ಲ. ತಿಂಗಳಿಗೊಮ್ಮೆ ಭಾನುವಾರ ವಾಣಿಶ್ರೀಯ ಪುಸ್ತಕದಂಗಡಿಯ ಮಾಳಿಗೆಯಲ್ಲಿ ಸೇರುವ 'ಎದೆಬಡಿತ ಬಳಗ'ದಲ್ಲಿ ಯಶೋಧರಾ ಇದನ್ನು ಹೇಳಿ ಹೇಳಿ, ಲೇಖಕರು ಅವಳ ಹೆಸರು ಕೇಳಿದರೇ ಬೆವರುವಂತಾಗಿತ್ತು.

ಇವತ್ತು ಹಾರಿದ ಪುಸ್ತಕದ ಹೆಸರು 'ಬರಿಗೈ ಬಳೆಗಾರ್ತಿ'. ಬರೆದವನು ಕೇಶ್ವಾಪುರದ ದುರ್ಗೇಶ. ಬಂದ ತಿಂಗಳಲ್ಲೇ ಮೊದಲ ಮುದ್ರಣ ಖಾಲಿಯಾಗಿ, ಎರಡನೆಯದು ಅಚ್ಚಿಗೆ ಹೋಗುವುದರಲ್ಲಿತ್ತು. ಬಳಗದ ವಾಟ್ಸಾಪಿನಲ್ಲಿ ದಿನವೂ ಅದಕ್ಕೆ ಹಾರ, ತುರಾಯಿ. ಬರುವ ಭಾನುವಾರ ದುರ್ಗೇಶನೇ ಬಂದು ಓದುಗರ ಜೊತೆ ಮಾತಾಡುವವನಿದ್ದ.

ಕತೆ ಇಷ್ಟು. ಕಮರಿಪೇಟೆಯ ಬೇವಿನ ಗಿಡದ ಓಣಿಯಲ್ಲಿ ಮುರಿಗೆವ್ವ ಎಂಬ ಬಳೆಗಾರ್ತಿಯ ಪ್ರೇತವಿದೆ. ವಿಧವೆಯಾದ್ದರಿಂದ ಅವಳ ಕೈ ಬರಿದು; ಆ ಹೊಟ್ಟೆಕಿಚ್ಚಿಗೆ ಮುತ್ತೈದೆಯರ ಬಾಗಿಲು ತಟ್ಟಿ "ಬಳಿ ಹೆಚ್ಚ್ಯಾವ" ಎಂದು ಪಿಸುಗುಡುತ್ತಾಳೆ. ಆ ಮಾತು ಕೇಳಿದ ಮನೆಯಲ್ಲಿ ಬಳೆಗಳು ತಾವಾಗಿ ಹೆಚ್ಚತೊಡಗುತ್ತವೆ. ಅಕ್ಕಿಯ ಡಬ್ಬಿಯಲ್ಲಿ ಬಳೆ, ಹಾಸಿಗೆಯಲ್ಲಿ ಬಳೆ, ನಲ್ಲಿ ತಿರುವಿದರೆ ಬಳೆ. ಕೊನೆಗೆ ನಾಯಕನ ಹೆಂಡತಿಯ ಗಂಟಲಲ್ಲಿ ಬಳೆ. ನಾಯಕ ಆ ಓಣಿಗೇ ಬೆಂಕಿ ಹಚ್ಚುತ್ತಾನೆ ಮತ್ತು ಓದುಗರು ಸಮಾಧಾನದ ಉಸಿರು ಬಿಡುತ್ತಾರೆ.

"ಹೆಚ್ಚ್ಯಾವ ಅಂದ್ರ ಏನಂತ ತಿಳಕೊಂಡಾನ ಈ ಮನಷ್ಯಾ?" ಎಂದು ಯಶೋಧರಾ ಕೂಗಿದಳು.

"ಭಾಳ ಆಗ್ಯಾವ ಅಂತ ತಿಳಕೊಂಡಿರಬೇಕು," ಎಂದ ನೀಲಪ್ಪ, ಹೆದರುತ್ತಲೇ.

ಹುಬ್ಬಳ್ಳಿ ಕಡೆಯ ಹಳೆಯ ಹೆಂಗಸರು ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಒಡೆಯಿತು ಎಂಬುದು ಅಶುಭ, ಅದಕ್ಕೆ ಹೆಚ್ಚಿತು ಎನ್ನುತ್ತಾರೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಹಾಗೆ. ಸತ್ಯವ್ವ ಬಾವಿಯ ಹಗ್ಗಕ್ಕೆ ಕೈ ತಾಗಿ ಬಳೆ ಹೋದಾಗಲೆಲ್ಲ "ಬಳಿ ಹೆಚ್ಚಿದುವು ನೋಡವ್ವಾ" ಎಂದು ಚೂರು ಆರಿಸಿದ್ದನ್ನು ಯಶೋಧರಾ ಕಂಡಿದ್ದಳು. ಒಡೆದ ಬಳೆಯ ಮಾತನ್ನು ತಿರುವುಮುರುವು ಮಾಡಿ, ಅದರ ಮೇಲೆ ಇಡೀ ಕಾದಂಬರಿಯನ್ನು ನಿಲ್ಲಿಸಿದ್ದಾನೆ ಕೇಶ್ವಾಪುರದ ಈ ಪುಣ್ಯಾತ್ಮ. ಅದು ತಪ್ಪು, ಆದರೆ ನಗುವಂಥ ತಪ್ಪು, ಪುಸ್ತಕ ಎಸೆಯುವಂಥದ್ದಲ್ಲ.

ಎಸೆದದ್ದು ಮುರಿಗೆವ್ವನಿಗಾಗಿ. ಬೇವಿನ ಗಿಡದ ಓಣಿಯಲ್ಲಿ ಮುರಿಗೆವ್ವ ಎಂಬ ಬಳೆಗಾರ್ತಿ ಇದ್ದಾಳೆ, ಗಟ್ಟಿಯಾಗಿ ಬದುಕಿದ್ದಾಳೆ. ಸತ್ಯವ್ವನ ಮನೆಯ ಗೋಡೆಗೆ ಹೊಂದಿದ ಮನೆ. ಯಶೋಧರಾಳ ಕೈಗೆ ಮೊದಲ ಬಳೆ ಇಟ್ಟವಳು ಅವಳೇ, ಮದುವೆಯ ಹಸಿರು ಬಳೆ ಇಟ್ಟವಳೂ ಅವಳೇ. ಗಂಡ ಹೋದ ಮೇಲೆ ತನ್ನ ಕೈ ಬರಿದು ಮಾಡಿಕೊಂಡು, ಊರ ಹೆಂಗಸರ ಕೈ ತುಂಬಿಸುತ್ತ ಬದುಕಿದ ಮುದುಕಿಯನ್ನು ಹೊಟ್ಟೆಕಿಚ್ಚಿನ ದೆವ್ವ ಮಾಡಿದ್ದಾನಲ್ಲ! ಹೆಸರನ್ನಾದರೂ ಬದಲಿಸಬಾರದಿತ್ತೇ? ಮುನ್ನುಡಿಯಲ್ಲಿ ಎದೆ ತಟ್ಟಿಕೊಂಡು ಬೇರೆ ಬರೆದಿದ್ದ: ಇದು ನನ್ನ ಬಾಲ್ಯದ ನಿಜವಾದ ಭಯ, ಮುರಿಗೆವ್ವ ನಮ್ಮ ಮನೆಗೆ ನಿಜವಾಗಿ ಬರುತ್ತಿದ್ದಳು ಎಂದು.

ಮರುದಿನ ಶಾಲೆ ಬಿಟ್ಟ ಕೂಡಲೇ ಕಮರಿಪೇಟೆಗೆ ಹೋದಳು. ಓಣಿಯ ಬಾಯಲ್ಲೇ ಮೂರು ಬೈಕು. ಕಾಲೇಜಿನ ಹುಡುಗರಿಬ್ಬರು ಮುರಿಗೆವ್ವನ ಬಾಗಿಲಿಗೆ ಫೋನು ಹಿಡಿದಿದ್ದರು, ಮತ್ತೊಬ್ಬ ತಲೆಯ ಮೇಲೆ ಸೀರೆ ಹೊದ್ದು, ಬರಿಗೈ ಮೇಲೆತ್ತಿ "ಬಳಿ ಹೆಚ್ಚ್ಯಾವೋ..." ಎಂದು ಅರಚುತ್ತಿದ್ದ. ಯಶೋಧರಾ ಶಾಲೆಯ ದನಿ ತೆಗೆದಳು.

"ಯಾವ ಕಾಲೇಜು ನಿಮ್ದು? ಏನು ಹೆಸರು? ನಿಮ್ಮ ಮನಿಯಾಗ ಮುದುಕೇರು ಇಲ್ಲೇನು? ಇದ್ರ ಅವರ ಬಾಗಲಕ್ಕ ನಿಂತು ಒದರ್ರಿ ಹೋಗ್ರಿ!"

ಸೀರೆ ಹೊದ್ದವನು ಅದನ್ನು ಸುತ್ತಿಕೊಂಡೇ ಬೈಕ್ ಹತ್ತಿ ಓಡಿದ. ಯಶೋಧರಾ ಬಾಗಿಲು ಬಡಿದು, ಹೆಸರು ಹೇಳಿದ ಮೇಲೆ ಒಳಗಿನಿಂದ ಚಿಲಕ ಸರಿಯಿತು. ಪ್ರತಿ ಸಂಜೆ ಹೊರಗಿನ ಕಟ್ಟೆಯ ಮೇಲೆ ಬುಟ್ಟಿ ಬಿಚ್ಚಿ ಕೂರುವ ಮುರಿಗೆವ್ವ, ಹಗಲಲ್ಲೇ ಕದ ಹಾಕಿಕೊಂಡು ಪಡಸಾಲೆಯ ಮೂಲೆಯಲ್ಲಿದ್ದಳು. ಬುಟ್ಟಿಯ ಮೇಲೆ ಅರಿವೆ ಮುಚ್ಚಿತ್ತು.

"ಕಟ್ಟಿ ಮ್ಯಾಲೆ ಕೂಡೂದು ಬಿಟ್ಟೆನವಾ," ಎಂದಳು ಮುದುಕಿ. "ಕುಂತರ ಪೋಟೋ ಹೊಡೀತಾರ. ಮನ್ನೆ ಹಿಂದಿನ ಓಣ್ಯಾಗ ಕುಬಸ ಇತ್ತು. ಆ ಬಸರಿಗೆ ನಾನ ಬಳಿ ಇಡಬೇಕಿತ್ತು, ಆಕಿ ಲಗ್ನದಾಗೂ ನಾನ ಇಟ್ಟೀನಿ. ಕಡೀಕ, ಬರಬ್ಯಾಡ ಅಂತ ಹೇಳಿ ಕಳಿಸಿದ್ರು. ನಲವತ್ತು ವರ್ಷ ರಂಡಿಮುಂಡಿ ಅನ್ನಲಾರದ ಓಣಿ ಈಗ ಅಂಜಾಕತ್ತೈತಿ."

ಯಶೋಧರಾಳ ಕಣ್ಣು ತುಂಬಿತು, ಅದರ ಹಿಂದೆಯೇ ಸಿಟ್ಟು ನುಗ್ಗಿ ಬಂತು. "ಭಾನುವಾರ ಆಂವ ಬರತಾನ. ಎಲ್ಲಾರ ಮುಂದ ನೀರಿಳಸ್ತೀನಿ. ಎರಡನೇ ಸಲ ಅಚ್ಚು ಹಾಕಿಸೂದರಾಗ ನಿನ್ನ ಹೆಸರೂ, ಈ ಓಣಿ ಹೆಸರೂ ತಗೀಬೇಕು. ಇಲ್ಲಿಗೆ ಬಂದು ನಿನ್ನ ಕಟ್ಟಿ ಮುಂದ ನಿಂತು ತಪ್ಪಾತು ಅನ್ನಬೇಕು. ನೀನೂ ಬಾ ನನ್ನ ಜೋಡಿ."

"ನಾ ಬರಾಂಗಿಲ್ಲ. ಹೆಸರು ತಗಸು, ಸಾಕು. ಜಗಳ ಬ್ಯಾಡ." ಮುದುಕಿ ಬುಟ್ಟಿಯ ಅರಿವೆಯನ್ನು ಸರಿಪಡಿಸುತ್ತ, "ಆ ಹುಡುಗನ ಅವ್ವ ಹೆಂಗದಾಳ? ರುಕ್ಮವ್ವ?" ಎಂದು ಕೇಳಿದಳು.

"ಆಕಿ ಹೆಂಗಿದ್ರ ನಮಗೇನು? ಮಗನ್ನ ಛಲೋ ಬೆಳೆಸ್ಯಾಳ ಬಿಡು! ಖರೇ ಹೇಳು, ಬಳಿ ಹೆಚ್ಚ್ಯಾವ ಅಂತ ನೀ ಅವರ ಬಾಗಲಾಗ ಅಂತಿದ್ದೇನು?"

ಮುರಿಗೆವ್ವ ಇಷ್ಟು ದಿನಕ್ಕೆ ಮೊದಲ ಸಲ ನಕ್ಕಳು. "ಬಳಿಗಾರ್ತಿ ಬುಟ್ಟಿ ಹೊತಗೊಂಡು ಬಂದು ಬಳಿ ಹೆಚ್ಚ್ಯಾವ ಅಂತಾಳೇನವಾ? ನನ್ನ ಯಾಪಾರ ಏನಾಗಬೇಕು?" ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಆಮೇಲೆ ಎಷ್ಟು ಕೇಳಿದರೂ, "ಹೋಗಲಿ ಬಿಡು. ರುಕ್ಮವ್ವ ಅಲ್ಲಿದ್ರ ಆಕಿ ಮುಂದ ಮಾತ್ರ ಏನೂ ಅನಬ್ಯಾಡ" ಎಂದಷ್ಟೇ ಹೇಳಿ ಚಹಾಕ್ಕೆ ಎಸರಿಟ್ಟಳು.

ಸಿಟ್ಟಿನ ಕಿವಿಗೆ ಅರ್ಧವೇ ಕೇಳಿಸುತ್ತದೆ. ನೋಡು, ಆ ಮಾತನ್ನೂ ಸುಳ್ಳೇ ಕಟ್ಟಿದ್ದಾನೆ ಎಂದಷ್ಟೇ ಯಶೋಧರಾ ತಿಳಿದುಕೊಂಡಳು. ಕೊಲೆಗಾರ ಯಾರೆಂದು ಕಾದಂಬರಿಯ ಅರ್ಧದಲ್ಲೇ ಹಿಡಿದುಬಿಡುತ್ತೇನೆ ಎಂದು ಜಂಬ ಕೊಚ್ಚುವವಳು, ಮುದುಕಿ ಕೈಗಿಟ್ಟ ಸುಳಿವನ್ನು ಅಲ್ಲೇ ಬಿಟ್ಟು ಬಂದಳು. ಬಸ್ಸಿನುದ್ದಕ್ಕೂ ಭಾನುವಾರದ ಭಾಷಣವನ್ನು ಮನಸ್ಸಿನಲ್ಲಿ ಮಸೆಯುತ್ತಲೇ ಇದ್ದಳು.

ಭಾನುವಾರ ಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾಣಿಶ್ರೀ ಕೆಳಗಿನ ಅಂಗಡಿಯಿಂದ ಸ್ಟೂಲುಗಳನ್ನೂ ತರಿಸಿದ್ದಳು. ದುರ್ಗೇಶ ಕಪ್ಪು ಅಂಗಿ ತೊಟ್ಟು, ಗಡ್ಡ ಒಪ್ಪ ಮಾಡಿಕೊಂಡು, ಭಯದ ಕತೆ ಬರೆಯುವವರು ಫೋಟೋಗೆ ಹೇಗೆ ಮುಖ ಮಾಡಬೇಕೋ ಹಾಗೆಯೇ ಮುಖ ಮಾಡಿಕೊಂಡು ಕುಳಿತಿದ್ದ. ಮೊದಲ ಸಾಲಿನಲ್ಲಿ ಅವನ ತಾಯಿ ರುಕ್ಮವ್ವ. ತಿಳಿ ಬಣ್ಣದ ಸೀರೆ, ಹಣೆ ಖಾಲಿ, ಕೈಯಲ್ಲಿ ಒಂದೊಂದು ಚಿನ್ನದ ಬಳೆ. ಗಂಡ ಗುಡ್ಡಪ್ಪ ಹೋಗಿ ಕೆಲ ವರ್ಷವಾಗಿತ್ತು. ಪುಸ್ತಕದ ಮೊದಲ ಪುಟದಲ್ಲೇ 'ಧೈರ್ಯ ಕಲಿಸಿದ ಅಪ್ಪನಿಗೆ' ಎಂದು ಅರ್ಪಣೆ ಇತ್ತು. ಜನ ಮಗನನ್ನು ಹೊಗಳಿದಾಗಲೆಲ್ಲ ರುಕ್ಮವ್ವ ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಎಂದುಕೊಂಡಳು ಯಶೋಧರಾ.

ತನ್ನ ಸರದಿ ಬಂದಾಗ ಅವಳು ಎದ್ದು ನಿಂತಳು. ಮುದುಕಿ ಕೇಳಿಕೊಂಡದ್ದು ನೆನಪಿತ್ತು. ಆದರೆ ಮುಚ್ಚಿದ ಆ ಕದವೂ, ಅರಿವೆ ಮುಚ್ಚಿದ ಬುಟ್ಟಿಯೂ ಅದಕ್ಕಿಂತ ಹೆಚ್ಚು ನೆನಪಿತ್ತು.

"ದುರ್ಗೇಶ ಅವರ, ನಿಮ್ಮ ಪುಸ್ತಕ ಓದಿ ನನಗ ಅಂಜಿಕಿ ಬರಲಿಲ್ಲ, ಹೇಸಿಗಿ ಬಂತು," ಎಂದು ಶುರು ಮಾಡಿದಳು. "ಅಂಜಿಕಿ ಕತಿಗೂ ಒಂದು ನ್ಯಾಯ ಐತ್ರಿ. ಯಾರಿಗೆ ಅಂಜಬೇಕೋ ಅವರಿಗೆ ಅಂಜೂಹಂಗ ಮಾಡೂದು ಅದರ ಕೆಲಸ. ನೀವು ಬುಟ್ಟಿ ಹೊತ್ತು ಹೊಟ್ಟಿ ಹೊರಕೊಳ್ಳೋ ಹೆಣಮಗಳಿಗೆ ಅಂಜಿಸೀರಿ. ಗಂಡ ಸತ್ತಾಕಿ ಅಂದ ಕೂಡಲೆ ಆಕಿಗೆ ಹೊಟ್ಟಿಕಿಚ್ಚು ಇರಬೇಕು ಅಂತ ನಿಮಗ ಹೇಳಿದವರು ಯಾರು? ಓಣಿಗೆ ಬೆಂಕಿ ಹಚ್ಚಾಂವ ನಿಮ್ಮ ಹೀರೋ ಏನ್ರಿ? ಮುರಿಗೆವ್ವ ಜೀವಂತ ಅದಾಳ. ಕಮರಿಪ್ಯಾಟಿಯಾಗ ಅದಾಳ. ನಿಮ್ಮ ಪುಸ್ತಕ ಓದಿದವರು ಆಕಿ ಬಾಗಲಕ್ಕ ಬಂದು ಒದರತಾರ. ಆಕಿ ಈಗ ಹಗಲಿನ್ಯಾಗ ಕದಾ ಹಾಕ್ಕೊಂಡು ಕೂಡತಾಳ."

ದುರ್ಗೇಶನ ಮುಖದ ಬಣ್ಣ ಒಂದು ಕ್ಷಣ ಇಳಿಯಿತು, ಮತ್ತೆ ಸಾವರಿಸಿಕೊಂಡ.

"ಮೇಡಂ, ಅವರು ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಆದರೆ ಕಲೆಗೆ ಒಂದು ಸ್ವಾತಂತ್ರ್ಯ ಅಂತ ಇರುತ್ತೆ," ಎಂದ ಅಚ್ಚಿನ ಕನ್ನಡದಲ್ಲಿ. "ನಾನು ಕೇಳಿದ ದನಿಯನ್ನು ನಾನು ಬರೆದೆ. ಹೆಸರು ತೆಗೆದರೆ ಅದರ ಸತ್ಯವೇ ಹೋಗುತ್ತೆ."

"ಸತ್ಯ!" ಯಶೋಧರಾಳ ದನಿ ಏರಿತು. "ಬಳಿ ಹೆಚ್ಚ್ಯಾವ ಅಂದ್ರ ಏನಂತ ಗೊತ್ತದ ಏನ್ರಿ ನಿಮಗ? ಬಳಿ ರಾಶಿ ಬಿದ್ದಾವ ಅಂತಲ್ಲ. ಬಳಿ ಒಡದಾವ ಅಂತ. ನಿಮ್ಮ ಕಾದಂಬರಿ ತುಂಬ ಬಳಿ ಸುರದೀರಲ್ಲ, ಒಂದು ಮಾತಿನ ಅರ್ಥ ಹಿರಿಯಾರನ್ನ ಕೇಳಲಿಲ್ಲ."

ಹಿಂದಿನ ಸಾಲಿನ ಒಂದಿಬ್ಬರು ಹೆಂಗಸರು "ಹೌದ್ರಿ, ಖರೇ" ಎಂದರು. ಕೆಲವರು ನಕ್ಕರು. ದುರ್ಗೇಶ ಕೆಂಪಾದ. "ಅರ್ಥ ಏನೇ ಇರಲಿ, ಆ ದನಿ ಮಾತ್ರ ಸುಳ್ಳಲ್ಲ. ನನ್ನ ಕಿವಿಯಿಂದ ಕೇಳಿದ್ದು. ಮುನ್ನುಡಿ ಓದಿ ನೋಡಿ," ಎಂದ.

"ಓದತೇನಿ. ಎಲ್ಲಾರೂ ಕೇಳ್ರಿ, ಇವರ ಸತ್ಯ ಹೆಂಗೈತಿ ಅಂತ," ಎಂದು ಯಶೋಧರಾ ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದತೊಡಗಿದಳು. "ಬೇರೆ ಮನೆಗಳಿಗೆ ಹಬ್ಬಕ್ಕೊಮ್ಮೆ ಬರುವ ಮುರಿಗೆವ್ವ ನಮ್ಮ ಮನೆಗೆ ಮಾತ್ರ ಮತ್ತೆ ಮತ್ತೆ ಬರುತ್ತಿದ್ದಳು. ಅವಳು ಬರುವ ದಿನ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಾನು ಮಂಚದ ಕೆಳಗೆ ಅಡಗಿರುತ್ತಿದ್ದೆ. ಬಾಗಿಲಲ್ಲಿ ಬುಟ್ಟಿ ಇಳಿಸಿದ ಸದ್ದು. ಆಮೇಲೆ ಒಂದು ಹೆಣ್ಣಿನ ಪಿಸುದನಿ, ಬಳಿ ಹೆಚ್ಚ್ಯಾವ..."

ಅಲ್ಲಿಗೆ ಅವಳ ಬಾಯಿ ನಿಂತಿತು. ಮನೆಯಲ್ಲಿ ಕೂತು ಓದುವಾಗ ಕಣ್ಣು ಜಾರಿಹೋಗಿದ್ದ ಸಾಲುಗಳು ತನ್ನದೇ ದನಿಯಲ್ಲಿ ಕೇಳಿದಾಗ ಬೇರೆಯೇ ಆಗಿ ಕೇಳಿಸಿದವು. ಬಳಿಗಾರ್ತಿ ಬುಟ್ಟಿ ಹೊತಗೊಂಡು ಬಂದು ಬಳಿ ಹೆಚ್ಚ್ಯಾವ ಅಂತಾಳೇನವಾ? ಮುದುಕಿ ನಕ್ಕು ಹೇಳಿದ್ದು ಈಗ ಕಿವಿಯ ಒಳಗೆ ಇಳಿಯಿತು. ಬಳೆಗಾರ್ತಿ ಆ ಮಾತನ್ನು ಹೇಳುವುದಿಲ್ಲ, ಕೇಳುತ್ತಾಳೆ. ಹೇಳುವವಳು ಮನೆಯವಳು. ಬುಟ್ಟಿ ಇಳಿದ ಮೇಲೆ, ಒಡೆದ ಬಳೆಯ ಕೈಯನ್ನು ಮುಂದೆ ಚಾಚಿ ಮನೆಯವಳೇ ಹೇಳಬೇಕು. ಹಬ್ಬಕ್ಕೊಮ್ಮೆ ಬರುವ ಬಳೆಗಾರ್ತಿ ಒಂದು ಮನೆಗೆ ಮಾತ್ರ ಮತ್ತೆ ಮತ್ತೆ ಬರಬೇಕಾದರೆ, ಆ ಮನೆಯಲ್ಲಿ ಬಳೆಗಳು ಮತ್ತೆ ಮತ್ತೆ ಒಡೆಯಬೇಕು.

ಅವಳು ಕಣ್ಣೆತ್ತಿದಳು. ಮೊದಲ ಸಾಲಿನಲ್ಲಿ ರುಕ್ಮವ್ವ ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡು, ಅದನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಯಾರೋ ಈಗಲೂ ಆ ಕೈಯನ್ನು ಹಿಡಿದೆಳೆಯುತ್ತಾರೆ ಎಂಬಂತೆ.

ಒಂದೇ ಮಾತು ಸಾಕಿತ್ತು. ಆ ಮಾತಿಗೆ ದುರ್ಗೇಶನ ಪುಸ್ತಕ, ಅದರ ಅರ್ಪಣೆ, ಎರಡನೆಯ ಮುದ್ರಣ ಎಲ್ಲವೂ ಮಣ್ಣಾಗುತ್ತಿತ್ತು. ಮುರಿಗೆವ್ವನ ಹೆಸರು ತೊಳೆದುಹೋಗುತ್ತಿತ್ತು. ಅದಕ್ಕಾಗಿಯೇ ಅವಳು ಬಂದದ್ದು. ಆದರೆ ಆ ಮಾತು ಅವಳದಲ್ಲ. ಅದನ್ನು ಹೇಳಿದರೆ, ಕೇಳದೆ ಒಬ್ಬ ಹೆಂಗಸನ್ನು ಎಳೆದು ತಂದು ಜನರ ಮುಂದೆ ನಿಲ್ಲಿಸಿದವರಲ್ಲಿ ಅವಳೂ ಒಬ್ಬಳಾಗುತ್ತಿದ್ದಳು. ಯಶೋಧರಾ ಪುಸ್ತಕ ಮುಚ್ಚಿದಳು.

"ಇಷ್ಟ ರಿ ನಂದು," ಎಂದು ಕುಳಿತುಬಿಟ್ಟಳು.

ಬಳಗ ದಂಗಾಯಿತು. ಯಶೋಧರಾ ಅರ್ಧಕ್ಕೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ದುರ್ಗೇಶನ ಮುಖಕ್ಕೆ ಗೆಲುವು ಬಂತು. "ನೋಡಿ, ಮೇಡಂಗೂ ಓದುತ್ತಾ ಮೈ ಜುಂ ಅಂದಿದೆ! ಮುರಿಗೆವ್ವನ ದನಿಯ ಶಕ್ತಿ ಅದು," ಎಂದ. ಜನ ನಕ್ಕು ಚಪ್ಪಾಳೆ ತಟ್ಟಿದರು.

"ಮುರಿಗೆವ್ವನ ದನಿ ಅಲ್ಲ ಅದು," ಎಂದಳು ರುಕ್ಮವ್ವ.

ಕುಳಿತಲ್ಲಿಂದ ಏಳಲಿಲ್ಲ, ದನಿ ಏರಿಸಲಿಲ್ಲ. ಆದರೂ ಚಪ್ಪಾಳೆ ನಿಂತಿತು. ಆಕೆ ನೋಡುತ್ತಿದ್ದದ್ದು ಮಗನನ್ನು ಮಾತ್ರ.

"ಆ ದನಿ ನಂದು, ದುರ್ಗೇಶಾ. ಹೆಚ್ಚ್ಯಾವ ಅಂತಿದ್ದಾಕಿ ನಾನು."

"ಅವ್ವಾ..." ದುರ್ಗೇಶನ ಅಚ್ಚಿನ ಕನ್ನಡ ಎತ್ತಲೋ ಹೋಯಿತು. "ನೀ ಯಾಕ ಅಂತಿದ್ದಿ?"

"ಒಡೀತಿದ್ದುವು, ಅದಕ್ಕ ಅಂತಿದ್ದೆ. ಒಡದುವು ಅನ್ನಬಾರದು ಅಂತ ನಮ್ಮವ್ವ ಕಲಿಸಿದ್ಲು. ಒಡದಾಂವ ಯಾರು ಅನ್ನೂದನ್ನಂತೂ ಅನ್ನಾಕಬಾರದು." ರುಕ್ಮವ್ವ ಸೆರಗನ್ನು ಮಣಿಕಟ್ಟಿನಿಂದ ಸರಿಸಿ ಕೈಯನ್ನು ತೊಡೆಯ ಮೇಲೆ ಬಿಟ್ಟಳು. ಅಲ್ಲಿ ಹಳೆಯ ಬಿಳಿ ಗೆರೆಗಳಿದ್ದವು. "ನಿಮ್ಮಪ್ಪ ಕೈ ಹಿಡದು ತಿರುವಿದ್ರ ಗಾಜಿನ ಬಳಿ ತಡೀತಾವೇನಪಾ? ಬರೇ ಕೈ ಕಂಡ್ರ ಮಂದಿ ಕೇಳ್ತಾರಂತ ಮರುದಿನಾನ ಮುರಿಗೆವ್ವಗ ಹೇಳಿ ಕಳಸ್ತಿದ್ದೆ. ಗಂಡ ಸತ್ತಾಕಿ ಕೈಲೆ ಬಳಿ ಇಡಿಸ್ಕೋಬಾರದಂತ ನಮ್ಮ ಸಾಲಿನ ಮನೀಯವರು ಬುಟ್ಟಿ ಇಳಿಸಿಕೊಂಡು ತಾವ ಇಟಗೋತಿದ್ರು. ನಾ ಆಕಿ ಕೈಯಾಗ ಕೈ ಕೊಡ್ತಿದ್ದೆ. ಆಕಿ ಏನೂ ಕೇಳ್ತಿದ್ದಿಲ್ಲ. ಬಾವು ಬಂದ ಕೈಗೆ ಅಗಲಾದ ಬಳಿ ಹುಡುಕಿ, ನೋಯದಂಗ ಏರಸ್ತಿದ್ಲು. ಇಷ್ಟು ವರ್ಷ ಆದ್ರೂ ಊರಾಗ ಯಾರಿಗೂ ಹೇಳಿಲ್ಲ ಆಕಿ. ಆಕೀನ್ನ ನೀ ದೆವ್ವ ಮಾಡಿದಿ."

ವಾಣಿಶ್ರೀ ಎದ್ದು ಫ್ಯಾನಿನ ಗುಂಡಿಯ ಮೇಲೆ ಕೈ ಇಟ್ಟವಳು ಅಲ್ಲೇ ನಿಂತಿದ್ದಳು.

"ಆದ್ರ ನಾ ಅಂಜಿ ಮಂಚದ ಕೆಳಗ ಕೂಡ್ತಿದ್ದೆ," ಎಂದ ದುರ್ಗೇಶ. ಅದೊಂದಾದರೂ ತನ್ನದಾಗಿ ಉಳಿಯಲಿ ಎಂಬಂತೆ ಹೇಳಿದ. "ಆಕಿ ಬರತಾಳ ಅಂತ ಅಂಜಿ ಕೂಡ್ತಿದ್ದೆ, ನನಗ ಛಲೋ ನೆನಪೈತಿ."

"ಆಕಿಗೆ ಅಂಜಿ ಅಲ್ಲ ಮಗನ," ಎಂದಳು ತಾಯಿ. "ಆಕಿ ಬರೂದು ಮುಂಜಾನೆ. ನೀ ಹಿಂದಿನ ದಿನಾ ಸಂಜೀಲಿಂದಾನ ಅಲ್ಲೇ ಇರತಿದ್ದಿ."

ಆಮೇಲೆ ಪ್ರಶ್ನೋತ್ತರ ನಡೆಯಲಿಲ್ಲ. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಇಳಿದುಹೋದರು. ದುರ್ಗೇಶ ಪುಸ್ತಕದ ಮೊದಲ ಪುಟವನ್ನು ತೆರೆದಿಟ್ಟುಕೊಂಡು, ಅರ್ಪಣೆಯ ಸಾಲನ್ನೇ ನೋಡುತ್ತ ಕುಳಿತಿದ್ದ. ಯಶೋಧರಾಗೆ ಅವನ ಮೇಲೆ ಕರುಣೆ ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಮಂಚದ ಕೆಳಗಿನ ಭಯವನ್ನು ಸತ್ತ ಅಪ್ಪನ ತಲೆಯ ಮೇಲಿಂದ ಇಳಿಸಿ, ಎಷ್ಟು ಸಲೀಸಾಗಿ ಒಬ್ಬ ಬಡ ಹೆಂಗಸಿನ ಬುಟ್ಟಿಗೆ ಹಾಕಿಬಿಟ್ಟನಲ್ಲ, ಅದು ಅವನಿಗೆ ಎಷ್ಟು ಸಹಜವಾಗಿ ಕಂಡಿತ್ತಲ್ಲ ಎಂಬ ಸಿಟ್ಟು ಮಾತ್ರ ಇಳಿಯಲಿಲ್ಲ. ಅವನೊಬ್ಬನ ಮೇಲಿನ ಸಿಟ್ಟಲ್ಲ ಅದು. ಅವಳ ಕಪಾಟಿನ ಅರ್ಧ ಪುಸ್ತಕಗಳ ಮೇಲಿನ ಸಿಟ್ಟು.

ರುಕ್ಮವ್ವ ಅವಳ ಬಳಿ ಬಂದು, "ಕಮರಿಪ್ಯಾಟಿಗೆ ಕರಕೊಂಡ ಹೋಗ್ತೀರೇನ್ರಿ? ನನಗ ಮನಿ ಗೊತ್ತಿಲ್ಲ. ಆಕೀನ ಬರತಿದ್ಲು, ನಾ ಒಮ್ಮೆನೂ ಹೋಗಿಲ್ಲ," ಎಂದಳು. ದುರ್ಗೇಶ ಕಾರಿನ ಕೀಲಿ ತೆಗೆದುಕೊಂಡು ಎದ್ದ.

ಮುರಿಗೆವ್ವ ಬಾಗಿಲು ತೆರೆದು ರುಕ್ಮವ್ವನನ್ನು ಕಂಡವಳೇ ಯಶೋಧರಾಳ ಕಡೆ ಸಿಟ್ಟಿನಿಂದ ನೋಡಿದಳು. "ಆಕಿ ಮುಂದ ಏನೂ ಅನಬ್ಯಾಡ ಅಂದಿದ್ನಲ್ಲಾ?"

"ಅವರು ಹೇಳಿಲ್ಲ, ನಾನ ಹೇಳೀನಿ," ಎಂದಳು ರುಕ್ಮವ್ವ. "ಬುಟ್ಟಿ ತಗೊಂಡು ಹೊರಗ ಬಾ. ಕಟ್ಟಿ ಮ್ಯಾಲೆ ಕುಂತು ಬಳಿ ಇಡು ನನಗ. ಹಸರು ಬಳಿ. ಇವು ಹೆಚ್ಚಂಗಿಲ್ಲ."

ಮುದುಕಿ ಎರಡು ಸಲ ಬೇಡವೆಂದಳು. ಮೂರನೆಯ ಸಲಕ್ಕೆ ಬುಟ್ಟಿ ಹೊರಗೆ ಬಂತು. ಗಂಡ ಸತ್ತವಳೊಬ್ಬಳು ಗಂಡ ಸತ್ತ ಇನ್ನೊಬ್ಬಳಿಗೆ ಹಾಡಹಗಲೇ ಹಸಿರು ಬಳೆ ಇಡುವುದನ್ನು ನೋಡಲು ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಮುರಿಗೆವ್ವ ಹಳೆಯ ರೂಢಿಯಂತೆ ಮೊದಲು ಆ ಮಣಿಕಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು, ಬಾವು ಇದೆಯೇ ಎಂದು. ಇರಲಿಲ್ಲ. ಸಣ್ಣ ಅಳತೆಯ ಬಳೆಗಳನ್ನೇ ಆರಿಸಿದಳು.

ಅಷ್ಟರಲ್ಲಿ ಓಣಿಯ ಬಾಯಲ್ಲಿ ಬೈಕುಗಳ ಸದ್ದಾಯಿತು. ಬೇರೆ ಹುಡುಗರು, ಅದೇ ಫೋನು. ಬೇವಿನ ಗಿಡದ ಕೆಳಗೆ ನಿಂತಿದ್ದ ದುರ್ಗೇಶನ ಗುರುತು ಹಿಡಿದು ಅವರು ಕುಣಿದಾಡಿಬಿಟ್ಟರು. "ಸರ್, ನೀವು! ಒಂದು ಸೆಲ್ಫಿ ಸರ್. ದೆವ್ವದ ಮನಿ ಇದ ಹೌದಲ್ರಿ?"

ದುರ್ಗೇಶ ಬಾಯಿ ತೆರೆದ, ಅದರಿಂದ ಯಾವ ಕನ್ನಡವೂ ಹೊರಡಲಿಲ್ಲ. ಯಶೋಧರಾ ಶಾಲೆಯ ದನಿ ತೆಗೆಯಲು ಎದ್ದಳು. ಅವಳಿಗಿಂತ ಮೊದಲೇ ರುಕ್ಮವ್ವ, ಮುರಿಗೆವ್ವನ ಕೈಯಿಂದ ಕೈ ಬಿಡಿಸಿಕೊಳ್ಳದೆ, ಹುಡುಗರತ್ತ ತಿರುಗಿದಳು.

"ದೆವ್ವ ಇಲ್ಲಿಲ್ರಪಾ," ಎಂದಳು. "ಕೇಶ್ವಾಪುರದಾಗ ನಮ್ಮ ಮನ್ಯಾಗ ಐತಿ. ಗ್ವಾಡಿಗೆ ತೂಗಹಾಕಿ, ದಿನಾ ಹಾರ ಹಾಕತೇನಿ."